ಸ್ನ್ಯಾಪ್

ಲಿನಕ್ಸ್ ಗಣಕಗಳಿಗೆ ತಂತ್ರಾಂಶ ಹಂಚಲು ಉಬುಂಟು ಎಂಬ ಲಿನಕ್ಸ್ ವಿತರಣೆಯ ಹಿಂದಿರುವ ಕೆನಾನಿಕಲ್ ಸಂಸ್ಥೆ ರೂಪಿಸಿದ ಪ್ಯಾಕೇಜ್ ಮಾದರಿ. ಹಳೆಯ ಡೆಬ್, ಆರ್‌ಪಿಎಂ ಮಾದರಿಗಳಲ್ಲಿ ಹಲವು ತಂತ್ರಾಂಶಗಳು ಒಂದೇ ಲೈಬ್ರರಿಯನ್ನು, ಅಂದರೆ ಮೊದಲೇ ಬರೆದಿಟ್ಟ ಕೋಡ್‌ನ ಸಂಗ್ರಹವನ್ನು, ಹಂಚಿಕೊಂಡು ಜಾಗ ಉಳಿಸುತ್ತವೆ. ಸ್ನ್ಯಾಪ್ ತನಗೆ ಬೇಕಾದ ಬಹುಪಾಲನ್ನು ತಾನೇ ಹೊತ್ತು ತಂದು ಪ್ರತ್ಯೇಕ ಆವರಣದೊಳಗೆ ನಡೆಯುವುದರಿಂದ ಹಲವು ವಿತರಣೆಗಳಲ್ಲಿ ಬಳಕೆಗೆ ಬರುತ್ತದೆಯಾದರೂ ಗಾತ್ರ ಹಿಗ್ಗುತ್ತದೆ, ಮೊದಲ ಸಲ ತೆರೆಯುವಾಗ ತಡವಾಗುವುದೂ ಉಂಟು.

ವಿವಾದ ಹುಟ್ಟಿದ್ದು ಗಾತ್ರಕ್ಕಿಂತ ಹೆಚ್ಚಾಗಿ ಹಿಡಿತದ ಪ್ರಶ್ನೆಯಿಂದ. ದಿನಕ್ಕೆ ನಾಲ್ಕು ಬಾರಿ ಹೊಸ ಆವೃತ್ತಿಯನ್ನು ಹುಡುಕಿ ತಾನಾಗಿ ಅಳವಡಿಸಿಕೊಳ್ಳುವ ಈ ಏರ್ಪಾಡನ್ನು ಬಹುಕಾಲ ಮುಂದೂಡಬಹುದಿತ್ತೇ ಹೊರತು ಪೂರ್ತಿ ನಿಲ್ಲಿಸುವಂತಿರಲಿಲ್ಲ. ಆ ಅವಕಾಶ ತಡವಾಗಿ ದೊರೆಯಿತು. ಉಬುಂಟು 20.04ರಲ್ಲಿ ಬಳಕೆದಾರರು ಡೆಬ್ ಪ್ಯಾಕೇಜ್‌ಗಳನ್ನು ತರುವ ಎಪಿಟಿ ಆದೇಶದಿಂದ ಕ್ರೋಮಿಯಂ ಬ್ರೌಸರನ್ನು ಕೇಳಿದರೆ ಬರುವ ಡೆಬ್ ಪ್ಯಾಕೇಜ್ ಹೆಸರಿಗಷ್ಟೇ. ಅದು ಒಳಗಿಂದೊಳಗೇ ಸ್ನ್ಯಾಪನ್ನು ಸ್ಥಾಪಿಸುತ್ತದೆ. ಕೇಳಿದ್ದೊಂದು, ಕೊಟ್ಟಿದ್ದೊಂದು ಎಂಬ ಈ ಆಕ್ಷೇಪ ನ್ಯಾಯವಾದುದೇ. ಉಬುಂಟುವನ್ನೇ ಆಧರಿಸಿದ ಲಿನಕ್ಸ್ ಮಿಂಟ್ 2020ರಲ್ಲಿ ತನ್ನ 20ನೆಯ ಆವೃತ್ತಿಯಲ್ಲಿ ‘ನೋಸ್ನ್ಯಾಪ್’ ಎಂಬ ಪುಟ್ಟ ಕಡತವಿಟ್ಟು ಈ ದಾರಿಯನ್ನು ಮುಚ್ಚಿತು; ಸ್ನ್ಯಾಪ್ ಬೇಕೆನ್ನುವವರು ಆ ಕಡತವನ್ನು ಅಳಿಸಿ ಅದನ್ನು ಸ್ಥಾಪಿಸಿಕೊಳ್ಳಬಹುದು. ಪ್ರತಿಸ್ಪರ್ಧಿಯಾದ ಫ್ಲಾಟ್‌ಪ್ಯಾಕ್‌ನಲ್ಲಿ ಫ್ಲಾಟ್‌ಹಬ್ ಪ್ರಮುಖ ತಂತ್ರಾಂಶ ಭಂಡಾರವಾಗಿದ್ದರೂ ಯಾರು ಬೇಕಾದರೂ ತಮ್ಮದೇ ಭಂಡಾರ ತೆರೆಯಬಹುದು. ಸ್ನ್ಯಾಪ್‌ನ ಭಂಡಾರ ಮಾತ್ರ ಕೆನಾನಿಕಲ್‌ನ ಕೈಯಲ್ಲೇ ಇದೆ.