ಮೊದಲು ತಲುಪುವ ಕೈ: ಪ್ರಥಮ ಚಿಕಿತ್ಸೆ ನಡೆದು ಬಂದ ದಾರಿ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿಯಲ್ಲಿ ಒಮ್ಮೆ ಸುತ್ತಾಡಿ ಬನ್ನಿ. ಎತ್ತ ನೋಡಿದರೂ ತೆಂಗಿನ ತೋಟ. ತಿಪಟೂರು, ತುರುವೇಕೆರೆಗಳ ಕಡೆಗೂ ಇದೇ ನೋಟ. ಎತ್ತರದ ತಳಿಯ ಮರಗಳು 15ರಿಂದ 20 ಮೀಟರುಗಳಷ್ಟು ಮೇಲೇರಿರುತ್ತವೆ. ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಅಷ್ಟೆತ್ತರಕ್ಕೆ ಹತ್ತುವವರಿದ್ದಾರೆ. ಕೆಳಗೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ, ಕಬ್ಬಿಣದ ದೋಟಿ ತಾಗುವಷ್ಟು ಸಮೀಪದಲ್ಲಿ ಹಾದುಹೋದ ವಿದ್ಯುತ್ ತಂತಿ. ಒಣಗಿದ ಗರಿ, ಮಟ್ಟೆಗಳ ರಾಶಿಯೊಳಗೆ ಹಾವು. ಪಕ್ಕದಲ್ಲೇ ಬಾವಿ, ಇತ್ತೀಚೆಗೆ ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡ. ಅದರ ಜಾರು ದಂಡೆಯಿಂದ ಒಳಗೆ ಬಿದ್ದರೆ ಈಜು ಬಲ್ಲವರೂ ಮೇಲೆ ಬರುವುದು ಕಷ್ಟ.

ಇಂಥ ಕಡೆ ಅವಘಡವಾದಾಗ ಮೊದಲು ತಲುಪುವವರು ಯಾರು? ವೈದ್ಯರಲ್ಲ, ಆಂಬುಲೆನ್ಸೂ ಅಲ್ಲ. ಪಕ್ಕದ ಸಾಲಿನಲ್ಲಿ ಕಾಯಿ ಆಯುತ್ತಿದ್ದವರು, ಬದುವಿನ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದವರು. ಹೃದಯ ನಿಂತು ರಕ್ತಚಲನೆ ತಪ್ಪಿದ ನಾಲ್ಕೈದು ನಿಮಿಷಗಳಲ್ಲೇ ಮಿದುಳಿನ ಕೋಶಗಳು ಹಾಳಾಗತೊಡಗುತ್ತವೆ. ಅಷ್ಟು ಹೊತ್ತಿನಲ್ಲಿ ತಾಲ್ಲೂಕು ಕೇಂದ್ರದಿಂದ ಯಾವ ವಾಹನ ಬಂದೀತು? ಆದ್ದರಿಂದ ಹತ್ತಿರವಿರುವವರ ಕೈಗೆ ಏನು ಗೊತ್ತಿದೆ ಎಂಬುದೇ ಮುಖ್ಯ. ಆ ಕೈಗೆ ಗೊತ್ತಿರುವುದರಲ್ಲಿ ಎಷ್ಟೋ ಸಂಗತಿಗಳು ಒಂದು ಕಾಲದಲ್ಲಿ ಶಾಸ್ತ್ರೀಯವೆನಿಸಿಕೊಂಡು, ಆಮೇಲೆ ತಪ್ಪೆಂದು ಸಾಬೀತಾದವು. ಈ ಚರಿತ್ರೆ ಸ್ವಾರಸ್ಯಕರವಾಗಿದೆ.

ನೀರಿನಿಂದ ಎತ್ತಿದವರು

ಮುಳುಗಿದವರನ್ನು ದಡಕ್ಕೆ ತಂದೊಡನೆ ನಮ್ಮ ಹಳ್ಳಿಗಳಲ್ಲಿ ಏನು ಮಾಡುತ್ತಾರೆಂದು ನಿಮಗೆ ಗೊತ್ತು. ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು. ಇದನ್ನು ಹಳ್ಳಿಯವರ ಅಜ್ಞಾನ ಎಂದು ತಳ್ಳಿಹಾಕುವ ಮುನ್ನ ಯೂರೋಪಿನ ಕಡೆ ನೋಡಿ. ಅಲ್ಲಿಯೂ ಮುಳುಗಿದವರನ್ನು ಪೀಪಾಯಿಯ ಮೇಲೆ ಬೋರಲು ಹಾಕಿ ಉರುಳಿಸುತ್ತಿದ್ದರು. ಕಾಲು ಕಟ್ಟಿ ತೂಗುಹಾಕುತ್ತಿದ್ದರು.

ಕಾಲುವೆಗಳ ನಗರವಾದ ಆಮ್‌ಸ್ಟರ್‌ಡ್ಯಾಮಿನಲ್ಲಿ ಮುಳುಗಿದವರನ್ನು ಬದುಕಿಸುವುದಕ್ಕೆಂದೇ 1767ರಲ್ಲಿ ಒಂದು ಸಂಘ ಹುಟ್ಟಿತು. 1774ರಲ್ಲಿ ಲಂಡನ್ನಿನಲ್ಲೂ ಅಂಥದೇ ಸಂಘ ಆರಂಭವಾಯಿತು. ಡಚ್ಚರ ಸಂಘದ ಸಲಹೆಗಳು ವಿಚಿತ್ರ ಮಿಶ್ರಣ. ಮೈ ಬೆಚ್ಚಗಿಡಿ, ಬಾಯಿಗೆ ಬಾಯಿಟ್ಟು ಗಾಳಿ ಊದಿ ಎಂಬುದು ಒಂದು ಕಡೆ. ಗುದದ್ವಾರದ ಮೂಲಕ ಹೊಗೆಸೊಪ್ಪಿನ ಹೊಗೆ ಊದಿ ಎಂಬುದು ಇನ್ನೊಂದು ಕಡೆ! ಹೊಗೆಸೊಪ್ಪಿನ ಸಾರ ಪ್ರಾಣಿಗಳನ್ನು ಕೊಲ್ಲುತ್ತದೆಂದು 1811ರಲ್ಲಿ ಬೆಂಜಮಿನ್ ಬ್ರಾಡಿ ಪ್ರಯೋಗ ಮಾಡಿ ತೋರಿಸಿದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು. ದುರದೃಷ್ಟವೆಂದರೆ, ಬಾಯಿಯಿಂದ ಉಸಿರು ಕೊಡುವ ಸರಿಯಾದ ಕ್ರಮವೂ ಮೂಲೆಗೆ ಬಿತ್ತು.

ಅದರ ಸ್ಥಾನದಲ್ಲಿ ಬಂದವು ಕೈಕಸರತ್ತಿನ ವಿಧಾನಗಳು. 1858ರಲ್ಲಿ ಸಿಲ್ವೆಸ್ಟರ್, ಅಂಗಾತ ಮಲಗಿಸಿ ತೋಳುಗಳನ್ನು ತಲೆಯ ಮೇಲಕ್ಕೆ ಎಳೆದು ಮತ್ತೆ ಎದೆಗೆ ಒತ್ತುವ ಕ್ರಮ ಹೇಳಿದ. 1903ರಲ್ಲಿ ಎಡಿನ್‌ಬರೊದ ಶರೀರಕ್ರಿಯಾ ವಿಜ್ಞಾನಿ ಶೇಫರ್, ಬೋರಲು ಮಲಗಿಸಿ ಸೊಂಟದ ಮೇಲ್ಭಾಗವನ್ನು ಒತ್ತಿರಿ ಎಂದ. 1932ರಲ್ಲಿ ಡೆನ್ಮಾರ್ಕಿನ ಸೇನಾಧಿಕಾರಿ ಹೋಲ್ಗರ್ ನೀಲ್ಸನ್, ಬೆನ್ನು ಒತ್ತುವುದಕ್ಕೆ ಮೊಣಕೈ ಎತ್ತುವುದನ್ನು ಸೇರಿಸಿದ. ಒಂದೊಂದೂ ತನ್ನ ಕಾಲದ ಪಠ್ಯಪುಸ್ತಕಗಳಲ್ಲಿ ಅಂತಿಮ ಸತ್ಯವೆಂಬಂತೆ ಅಚ್ಚಾಯಿತು. ಜನ ಶ್ರದ್ಧೆಯಿಂದ ಕಲಿತರು.

ಗೋಡೆಯ ಮೇಲಿನ ಚಿತ್ರಪಟ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ವಿದ್ಯುತ್ತಿನ ಜೊತೆಗೆ ಹೊಸ ಬಗೆಯ ಸಾವೂ ಬಂತು: ಮೈಮೇಲೆ ದೊಡ್ಡ ಗಾಯವಿಲ್ಲದೆ, ಮುಟ್ಟಿದ ಕ್ಷಣದಲ್ಲೇ ಕುಸಿಯುವುದು. 1956ರ ಭಾರತೀಯ ವಿದ್ಯುತ್ ನಿಯಮಗಳ 44ನೆಯ ನಿಯಮ ಒಂದು ಒಳ್ಳೆಯ ಕೆಲಸ ಮಾಡಿತು. ವಿದ್ಯುದಾಘಾತಕ್ಕೆ ಒಳಗಾದವರನ್ನು ಚೇತರಿಸುವ ವಿಧಾನವನ್ನು ಸ್ಥಳೀಯ ಭಾಷೆಯಲ್ಲೂ ಬರೆದು ವಿದ್ಯುದಾಗಾರ, ಉಪಕೇಂದ್ರ, ಕಾರ್ಖಾನೆಗಳಲ್ಲಿ ಎದ್ದುಕಾಣುವಂತೆ ತೂಗುಹಾಕಬೇಕೆಂದು ಅದು ವಿಧಿಸಿತು. 2010ರಲ್ಲಿ ಬಂದ ಹೊಸ ನಿಯಮಗಳೂ ಇದನ್ನು ಉಳಿಸಿಕೊಂಡವು. ಕನ್ನಡದಲ್ಲಿ ಅಚ್ಚಾದ ಅಂಥ ಪಟವನ್ನು ನೀವು ಯಾವುದಾದರೂ ಕಾರ್ಖಾನೆಯ ಗೋಡೆಯ ಮೇಲೆ ನೋಡಿರಬಹುದು. ಹಳೆಯ ಪಟಗಳಲ್ಲಿ ಒಬ್ಬಾತ ಬೋರಲು ಮಲಗಿರುತ್ತಾನೆ. ಇನ್ನೊಬ್ಬ ಅವನ ಬೆನ್ನು ಒತ್ತುತ್ತಿರುತ್ತಾನೆ. ಅದೇ ಶೇಫರ್, ನೀಲ್ಸನ್ನರ ಕ್ರಮ.

ಆ ನಿಯಮ ಹೊರಟ ನಾಲ್ಕೇ ವರ್ಷಗಳಲ್ಲಿ ಚಿತ್ರವೇ ಬದಲಾಯಿತು. ಅಮೆರಿಕದ ಬಾಲ್ಟಿಮೋರಿನಲ್ಲಿ ಪೀಟರ್ ಸಫರ್ ಎಂಬ ಅರಿವಳಿಕೆ ತಜ್ಞ ಸ್ವಯಂಸೇವಕರಿಗೆ ಸ್ನಾಯುಗಳು ಸಡಿಲಗೊಳ್ಳುವ ಔಷಧ ಕೊಟ್ಟು, ಉಸಿರು ನಿಲ್ಲಿಸಿ, ಬೇರೆ ಬೇರೆ ವಿಧಾನಗಳಿಂದ ಎಷ್ಟು ಗಾಳಿ ಒಳಹೋಗುತ್ತದೆಂದು ಅಳೆದ. ಬೆನ್ನು ಒತ್ತುವ ಕ್ರಮಗಳಲ್ಲಿ ಸಾಕಷ್ಟು ಗಾಳಿ ಹೋಗುತ್ತಲೇ ಇರಲಿಲ್ಲ! ಪ್ರಜ್ಞೆ ತಪ್ಪಿದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚಿಬಿಡುತ್ತದೆ. ತಲೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಬಾಯಿಯಿಂದ ಊದಿದರೆ ಎದೆ ಉಬ್ಬುತ್ತಿತ್ತು. 1767ರ ಡಚ್ಚರ ಸಲಹೆ ಹೀಗೆ ಪುನಃ ಮಾನ್ಯವಾಯಿತು.

ಅದೇ ನಗರದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವಿಲಿಯಂ ಕೌವೆನ್‌ಹೋವೆನ್ ಎಂಬಾತ ಹೃದಯದ ಮೇಲೆ ವಿದ್ಯುತ್ತಿನ ಪರಿಣಾಮವನ್ನು ಅಭ್ಯಸಿಸುತ್ತಿದ್ದ. ಈತ ವೈದ್ಯನಲ್ಲ, ವಿದ್ಯುತ್ ಇಂಜಿನಿಯರು. ಲೈನ್‌ಮನ್‌ಗಳ ಸಾವಿನಿಂದ ಕಂಗೆಟ್ಟಿದ್ದ ವಿದ್ಯುತ್ ಕಂಪನಿಗಳು ಈ ಸಂಶೋಧನೆಗೆ ಹಣ ಒದಗಿಸಿದ್ದವು. 1958ರಲ್ಲಿ ಅವನ ವಿದ್ಯಾರ್ಥಿ ನಿಕ್ಕರ್‌ಬಾಕರ್ ಒಂದು ಸಣ್ಣ ಸಂಗತಿ ಗಮನಿಸಿದ. ಹೃದಯ ನಿಂತ ನಾಯಿಯ ಎದೆಗೆ ಭಾರವಾದ ವಿದ್ಯುದ್ವಾರಗಳನ್ನು ಒತ್ತಿದಾಗ, ವಿದ್ಯುತ್ ಹಾಯಿಸುವ ಮೊದಲೇ ರಕ್ತದೊತ್ತಡ ತುಸು ಏರಿತ್ತು. ಹಾಗಾದರೆ ಒತ್ತಿದರೇ ರಕ್ತ ಹರಿಯುತ್ತದಲ್ಲ! ಶಸ್ತ್ರವೈದ್ಯ ಜೇಮ್ಸ್ ಜೂಡ್ ಜೊತೆಗೂಡಿ 1960ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ 20 ರೋಗಿಗಳಲ್ಲಿ 14 ಮಂದಿ ಬದುಕುಳಿದಿದ್ದರು. ಸಫರ್‌ನ ಉಸಿರು, ಈ ಮೂವರ ಎದೆಯೊತ್ತು ಎರಡೂ ಸೇರಿದ್ದೇ ಇಂದಿನ ಸಿಪಿಆರ್. ಜನರಿಗೆ ಕಲಿಸಲು ಬೊಂಬೆ ಬೇಕಿತ್ತು. ಅದನ್ನು ಮಾಡಿಕೊಟ್ಟವನು ನಾರ್ವೆಯ ಆಟಿಕೆ ತಯಾರಕ ಆಸ್‌ಮುಂಡ್ ಲೇರ್ಡಾಲ್.

ಈಗ ನಿಮ್ಮ ತೋಟದಲ್ಲಿ ಯಾರಿಗಾದರೂ ಶಾಕ್ ಹೊಡೆದರೆ ಮೊದಲ ಕೆಲಸ ವಿದ್ಯುತ್ ನಿಲ್ಲಿಸುವುದು. ಅದಕ್ಕೆ ಮೊದಲು ಮೈ ಮುಟ್ಟಬಾರದು. ಮೇಲಿನ ದೊಡ್ಡ ಲೈನಿನ ತಂತಿಯಾದರೆ ಒಣಕೋಲನ್ನೂ ನಂಬಬೇಡಿ. ಲೈನು ಬಂದ್ ಆಗುವವರೆಗೆ ದೂರವಿರಿ. ಬಳಿಕ, ಕೂಗಿದರೂ ಅಲುಗಾಡದೆ, ಸರಿಯಾಗಿ ಉಸಿರಾಡದೆ ಇದ್ದರೆ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದರ ಮೇಲೊಂದು ಕೈಯಿಟ್ಟು, ಸುಮಾರು 5 ಸೆಂಟಿಮೀಟರು ಆಳಕ್ಕೆ, ನಿಮಿಷಕ್ಕೆ 100ರಿಂದ 120ರಂತೆ ಒತ್ತಬೇಕು. ತರಬೇತಿ ಪಡೆದವರು 30 ಒತ್ತಿಗೆ 2 ಉಸಿರು ಕೊಡುತ್ತಾರೆ. ತರಬೇತಿ ಇಲ್ಲದವರು ಬರೇ ಒತ್ತುತ್ತಾ ಹೋದರೂ ಸರಿ ಎಂದು 2008ರಲ್ಲಿ ಅಮೆರಿಕದ ಹೃದಯ ಸಂಘ ಹೇಳಿತು. ಆದರೆ ಮುಳುಗಿದವರ ವಿಷಯ ಬೇರೆ. ಅವರಿಗೆ ಕೊರತೆಯಾಗಿರುವುದು ಆಮ್ಲಜನಕವೇ ಆದ್ದರಿಂದ, ಬಲ್ಲವರು ಉಸಿರು ಕೊಟ್ಟೇ ಆರಂಭಿಸಬೇಕು. ಹೊಟ್ಟೆ ಅಮುಕಿದರೆ ಒಳಗಿನದೆಲ್ಲ ಶ್ವಾಸನಾಳಕ್ಕೆ ನುಗ್ಗುವ ಅಪಾಯವೇ ಹೆಚ್ಚು.

ಕಲಿಸಿದ್ದು ಯಾರಿಗೆ?

1859ರ ಜೂನ್‌ನಲ್ಲಿ ಇಟಲಿಯ ಸೋಲ್ಫೆರಿನೊದಲ್ಲಿ ಯುದ್ಧವಾದಾಗ ಪಕ್ಕದ ಊರಿನ ಹೆಂಗಸರು ಎರಡೂ ಪಕ್ಷಗಳ ಗಾಯಾಳುಗಳ ಆರೈಕೆ ಮಾಡಿದರು. ಅವರ ಜೊತೆಗಿದ್ದ ವ್ಯಾಪಾರಿ ಆನ್ರಿ ಡ್ಯೂನಾನ್ ಮುಂದೆ ರೆಡ್‌ಕ್ರಾಸ್‌ಗೆ ಕಾರಣನಾದ. ಜನಸಾಮಾನ್ಯರಿಗೆ ಕ್ರಮಬದ್ಧ ತರಗತಿ ಶುರುವಾದದ್ದು ಆಮೇಲೆ. 1877ರಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಸಂಘ ಹುಟ್ಟಿತು. ಮರುವರ್ಷ ಪೀಟರ್ ಶೆಫರ್ಡ್ ಎಂಬ ಸೇನಾವೈದ್ಯ ಲಂಡನ್ ಬಳಿಯ ವುಲಿಚ್‌ನಲ್ಲಿ ನಾಗರಿಕರಿಗೆ ಪಾಠ ಹೇಳಿದ. ಭಾರತೀಯರ ದೊಡ್ಡ ಅನುಭವ ದಕ್ಷಿಣ ಆಫ್ರಿಕದಲ್ಲಿ. 1899ರ ಬೋಯರ್ ಯುದ್ಧದಲ್ಲಿ ಗಾಂಧೀಜಿ ಕಟ್ಟಿದ ಸುಮಾರು 1,100 ಜನರ ಆಂಬುಲೆನ್ಸ್ ದಳದಲ್ಲಿ ಹೆಚ್ಚಿನವರು ಕರಾರಿನ ಕೂಲಿಗಳು. ಹೊತ್ತು ನಡೆಯಬಲ್ಲ ಹೆಗಲುಗಳಿಗೆ ಅಲ್ಲಿ ಗಾಯಾಳುವನ್ನು ಹೊರುವ ವಿದ್ಯೆ ಸಿಕ್ಕಿತು.

ಸ್ವತಂತ್ರ ಭಾರತದಲ್ಲಿ 1948ರ ಕಾರ್ಖಾನೆ ಕಾಯಿದೆಯ 45ನೆಯ ಪ್ರಕರಣ, ಪ್ರತಿ 150 ಕಾರ್ಮಿಕರಿಗೆ ಒಂದಾದರೂ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕು, ಅದನ್ನು ಪ್ರಮಾಣಪತ್ರ ಪಡೆದವರು ನೋಡಿಕೊಳ್ಳಬೇಕು ಎಂದಿತು. ಕರ್ನಾಟಕದ ಬಸ್ ನಿರ್ವಾಹಕರ ಪರವಾನಗಿಗೂ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಬೇಕು. ನನ್ನ ಎಣಿಕೆಯಲ್ಲಿ ನಮ್ಮ ಹಳ್ಳಿಗಳ ಹುಡುಗರು ಈ ವಿದ್ಯೆಯ ಹೆಸರು ಕೇಳಿರುವುದು ಹೆಚ್ಚಾಗಿ ಈ ಕಂಡಕ್ಟರ್ ಕೆಲಸದ ಆಸೆಯಿಂದಲೇ. ಕೆಲವರು ಅದನ್ನು ಅರ್ಜಿಗೆ ಲಗತ್ತಿಸುವ ಕಾಗದವೆಂದಷ್ಟೇ ತಿಳಿದಿರುವುದೂ ಉಂಟು!

ವಿಪರ್ಯಾಸ ಗಮನಿಸಿ. ಕೊಬ್ಬರಿಯನ್ನು ಪುಡಿ ಮಾಡುವ ತಿಪಟೂರಿನ ಕಾರ್ಖಾನೆ ಕಾಯಿದೆಯ ವ್ಯಾಪ್ತಿಗೆ ಬಂದರೆ ಅಲ್ಲಿ ಪೆಟ್ಟಿಗೆ ಇರಲೇಬೇಕು. ಅದೇ ಕಾಯಿ ಕೀಳಲು ಹಂದನಕೆರೆಯ ತೋಟದಲ್ಲಿ ಮರ ಹತ್ತುವವನಿಗೆ ಪೆಟ್ಟಿಗೆಯೂ ಇಲ್ಲ, ಪಟ ತೂಗುಹಾಕಲು ಗೋಡೆಯೂ ಇಲ್ಲ. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ‘ತೆಂಗಿನ ಮರಗಳ ಸ್ನೇಹಿತರು’ ಎಂಬ ತರಬೇತಿ ಆರಂಭಿಸಿ, ಯಂತ್ರದ ನೆರವಿನಿಂದ ಮರ ಹತ್ತುವುದನ್ನು ಕಲಿಸತೊಡಗಿತು. ಬೀಳದಂತೆ ನೋಡಿಕೊಳ್ಳುವುದು ಒಳ್ಳೆಯದೇ. ಬಿದ್ದವನನ್ನು ಎತ್ತುವವರ ಮಾತೇನು?

ಬೆನ್ನುಹುರಿ ಮತ್ತು ಬಾಗಿಲ ಹಲಗೆ

ಮರದಿಂದ ಬಿದ್ದವನನ್ನು ಇಬ್ಬರು ತೋಳು, ಇಬ್ಬರು ಕಾಲು ಹಿಡಿದು ಎತ್ತುತ್ತಾರೆ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೊರಡುತ್ತಾರೆ. ಸಹಾಯದ ಮನಸ್ಸಿಗೆ ಕೊರತೆಯಿಲ್ಲ. ಆದರೆ ಮುರಿದ ಕಶೇರುಮಣಿ ಆ ಬಾಗುವಿಕೆಯಲ್ಲಿ ಜರುಗಿ ಬೆನ್ನುಹುರಿಯನ್ನು ಕತ್ತರಿಸಬಹುದು; ನಡೆಯುವಂತಾಗಬಹುದಾಗಿದ್ದವನು ಜೀವಮಾನವಿಡೀ ಹಾಸಿಗೆ ಹಿಡಿಯಬಹುದು. ಸುಮಾರು 3,600 ವರ್ಷಗಳಷ್ಟು ಹಳೆಯ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್, ಕುತ್ತಿಗೆಯ ಮೂಳೆ ಜರುಗಿ ಕೈಕಾಲು ಸ್ವಾಧೀನ ತಪ್ಪಿದವರನ್ನು ಚಿಕಿತ್ಸೆ ಮಾಡಲಾಗದವರ ಸಾಲಿಗೆ ಸೇರಿಸಿತ್ತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಲುಡ್ವಿಗ್ ಗಟ್‌ಮನ್ ಬೆನ್ನುಹುರಿ ರೋಗಿಗಳಿಗೆಂದೇ ವಿಭಾಗ ತೆರೆಯುವವರೆಗೂ ಆ ನಿರಾಶೆ ಹೆಚ್ಚು ಬದಲಾಗಿರಲಿಲ್ಲ.

ಉಸಿರಾಟ ಸರಿಯಿದ್ದು, ಸುತ್ತ ಬೇರೆ ಅಪಾಯವಿಲ್ಲದಿದ್ದರೆ ಬಿದ್ದವನನ್ನು ಬಿದ್ದಲ್ಲೇ ಬಿಡಿ. ಒಬ್ಬರು ತಲೆಯ ಬಳಿ ಕುಳಿತು ಎರಡೂ ಕೈಗಳಿಂದ ತಲೆ ಅಲುಗದಂತೆ ಹಿಡಿದಿರಲಿ. ‘ಅಲ್ಲಾಡಬೇಡಪ್ಪ’ ಎಂದು ಮಾತಾಡಿಸುತ್ತಿರಲಿ. ನೀರು ಕುಡಿಸಬೇಡಿ. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಆರಂಭವಾದ 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾಗಿ ಬಂದರೆ ನಾಲ್ಕೈದು ಜನ ಒಂದೇ ಎಣಿಕೆಗೆ, ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿರುವಂತೆ, ಮರದ ದಿಮ್ಮಿ ಹೊರಳಿಸಿದ ಹಾಗೆ ಮಗ್ಗುಲಿಗೆ ತಿರುಗಿಸಿ ಹಲಗೆ ಸರಿಸಬೇಕು. ಮನೆಯ ಬಾಗಿಲ ಹಲಗೆ ಸಾಕು.

ಹಾವು ಕಚ್ಚಿದಾಗ

ಹಗ್ಗದಿಂದ ಬಿಗಿಯಾಗಿ ಕಟ್ಟು, ಬ್ಲೇಡಿನಿಂದ ಕೊಯ್ಯಿ, ರಕ್ತ ಹೀರು ಎಂಬ ಉಪಾಯ ಇನ್ನೂ ಬಾಯಿಂದ ಬಾಯಿಗೆ ಸಾಗುತ್ತಿದೆ. ಇದಕ್ಕೂ ಒಮ್ಮೆ ಶಾಸ್ತ್ರದ ಮೊಹರು ಇತ್ತು. 20ನೆಯ ಶತಮಾನದ ಆರಂಭದಲ್ಲಿ ಲಾಡರ್ ಬ್ರಂಟನ್ ರೂಪಿಸಿದ ಪುಟ್ಟ ಚೂರಿಯ ಕೊಳವೆಯಲ್ಲಿ ಪೊಟಾಸಿಯಂ ಪರ್‌ಮ್ಯಾಂಗನೇಟ್ ಹರಳುಗಳಿರುತ್ತಿದ್ದವು. ಗಾಯ ಕೊಯ್ದು ಅದನ್ನು ತಿಕ್ಕುವುದೇ ಆಗಿನ ಚಿಕಿತ್ಸೆ. ಭಾರತದಲ್ಲಿ ಅದು ಬಳಕೆಯಲ್ಲಿತ್ತು. ಇಂದು ನಮಗೆ ತಿಳಿದಿರುವಂತೆ, ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಅಂಥವರ ಮೈಯನ್ನು ಕೊಯ್ದರೆ ರಕ್ತ ನಿಲ್ಲುವುದಿಲ್ಲ. ಬಿಗಿದು ಕಟ್ಟಿದ ಕಾಲು ಕೊಳೆಯಬಹುದು.

2007ರಲ್ಲಿ ರೂಪುಗೊಂಡ ಭಾರತದ ಹಾವು ಕಡಿತ ಚಿಕಿತ್ಸಾ ಕ್ರಮ ಸರಳವಾಗಿದೆ: ಧೈರ್ಯ ಹೇಳಿ, ಕಚ್ಚಿದ ಕೈಕಾಲನ್ನು ಮೂಳೆ ಮುರಿದಾಗ ಕಟ್ಟುವಂತೆ ಅಲುಗದ ಹಾಗೆ ಇರಿಸಿ, ಬೇಗ ಆಸ್ಪತ್ರೆಗೆ ಒಯ್ಯಿರಿ, ಕಂಡ ಲಕ್ಷಣಗಳನ್ನು ವೈದ್ಯರಿಗೆ ತಿಳಿಸಿ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತಿದ್ದಾರೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಮುಟ್ಟಲು ಹೆದರಿದವರು

ವಿದ್ಯೆ ಇದ್ದೂ ಕೈ ಹಿಂದೆ ಸರಿಯುವುದುಂಟು. 2016ರ ಫೆಬ್ರವರಿ 16ರಂದು ಗುಬ್ಬಿ ತಾಲ್ಲೂಕಿನ ತಮ್ಮ ಊರಿನಲ್ಲಿ ಪಂಚಾಯಿತಿ ಚುನಾವಣೆಗೆ ಮತ ಹಾಕಿ ಬೆಂಗಳೂರಿಗೆ ಮರಳುತ್ತಿದ್ದ ಹರೀಶ್ ಎಂಬ ಯುವಕ ನೆಲಮಂಗಲದ ಬಳಿ ಲಾರಿ ಅಪಘಾತಕ್ಕೆ ಸಿಕ್ಕಿದರು. ರಸ್ತೆಯಲ್ಲಿ ಬಿದ್ದು ನೆರವಿಗೆ ಅಂಗಲಾಚುತ್ತಿದ್ದಾಗ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರೆಂದು ಪತ್ರಿಕೆಗಳು ಬರೆದವು. ತಮ್ಮ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡು ಅವರು ತೀರಿಕೊಂಡರು, ಕಣ್ಣುಗಳ ದಾನವಾಯಿತು. ಮಾರ್ಚ್ 8ರಂದು ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ಆರಂಭಿಸಿತು. ಅಪಘಾತಕ್ಕೊಳಗಾದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ವೆಚ್ಚ ಭರಿಸುವ ಯೋಜನೆ ಅದು.

ಚಿತ್ರ ತೆಗೆದವರನ್ನು ಬೈಯುವುದು ಸುಲಭ. ಆದರೆ ಗಾಯಾಳುವನ್ನು ಮುಟ್ಟಿದರೆ ಪೊಲೀಸ್ ಠಾಣೆ, ಕೋರ್ಟು ಅಲೆಯಬೇಕಾದೀತೆಂಬ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ಅದೇ ಮಾರ್ಚ್ 30ರಂದು ಸರ್ವೋಚ್ಚ ನ್ಯಾಯಾಲಯ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ತನ್ನದೇ ವಿಧೇಯಕವನ್ನು 2016ರಲ್ಲಿ ಅಂಗೀಕರಿಸಿತು; 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೂ 134ಎ ಎಂಬ ಪ್ರಕರಣ ಸೇರಿತು. ರಸ್ತೆ ಅಪಘಾತದಲ್ಲಿ ಗಾಯಗೊಂಡವರನ್ನು ನೀವು ಆಸ್ಪತ್ರೆಗೆ ಸೇರಿಸಿದರೆ, ಅಲ್ಲಿಂದ ಕೂಡಲೇ ಹೊರಡಬಹುದು. ಅವರ ಚಿಕಿತ್ಸೆಯ ಹಣ ಕಟ್ಟಿ ಎಂದು ನಿಮ್ಮನ್ನು ಕೇಳುವಂತಿಲ್ಲ. ನಿಮ್ಮ ಹೆಸರು, ವಿಳಾಸ ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು.