ಹುರುಪೆಗೆ ಅಂಟಿದ ಹೆಸರು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಕುಷ್ಠಕ್ಕೆ ‘ಮಹಾರೋಗ’ವೆನ್ನುವುದು ಹಳೆಯ ರೂಢಿ. ಒಬ್ಬನ ಮೊಣಕೈ, ಮೊಣಕಾಲು, ನೆತ್ತಿಗಳ ಮೇಲೆ ಕೆಂಪು ದಡಸಲೆದ್ದು ಬೆಳ್ಳಿಬಣ್ಣದ ಹುರುಪೆ ಉದುರತೊಡಗಿದರೆ ನೆರೆಯವರ ಬಾಯಿಗೆ ಮೊದಲು ಬರುವುದೂ ಅದೇ ಶಬ್ದ. ಆದರೆ ಅದು ಸೋರಿಯಾಸಿಸ್, ಮುಟ್ಟಿದರೆ ಅಂಟುವಂಥದಲ್ಲ. ಈ ಎರಡು ಬೇನೆಗಳು ಒಂದೇ ಹೆಸರಿನಲ್ಲಿ ಸಿಕ್ಕಿಕೊಂಡದ್ದು ವೈದ್ಯದ ಇತಿಹಾಸವಾದಂತೆ ಶಬ್ದದ ಇತಿಹಾಸವೂ ಹೌದು. ಭಾಷೆಯ ಮೇಷ್ಟರಿಗೆ ಇಲ್ಲೇನು ಕೆಲಸವೆಂದು ಕೇಳುವವರಿಗೆ ಇದೇ ನನ್ನ ಉತ್ತರ.

ಚರಕಸಂಹಿತೆಯಲ್ಲಿ ‘ಕುಷ್ಠ’ವೆಂಬುದು ಒಂದು ರೋಗದ ಹೆಸರಲ್ಲ, ಒಂದು ಕುಲದ ಹೆಸರು. ಮಹಾಕುಷ್ಠಗಳು 7, ಕ್ಷುದ್ರಕುಷ್ಠಗಳು 11. ಈ ಎರಡನೆಯ ಗುಂಪಿನ ‘ಏಕಕುಷ್ಠ’ಕ್ಕೆ ಹೇಳಿದ ಲಕ್ಷಣ ಮೀನಿನ ಹುರುಪೆಯಂಥ ಚರ್ಮ, ಇಂದಿನ ಆಯುರ್ವೇದ ಪಂಡಿತರಲ್ಲಿ ಅನೇಕರು ಸೋರಿಯಾಸಿಸನ್ನು ಇಲ್ಲಿಯೇ ಗುರುತಿಸುತ್ತಾರೆ. ವಿಚಿತ್ರವೆಂದರೆ ಗ್ರೀಕರ ‘ಲೆಪ್ರ’ ಶಬ್ದದ ಬುಡದಲ್ಲಿರುವುದೂ ಹುರುಪೆಯೇ. ಹೀಬ್ರೂ ಧರ್ಮಗ್ರಂಥವನ್ನು ಗ್ರೀಕಿಗೆ ತಂದವರು, ಮೈಲಿಗೆಯೆನಿಸಿದ ಚರ್ಮವಿಕಾರಕ್ಕೆ ಈ ಶಬ್ದವನ್ನು ಬಳಸಿದರು. ಹುರುಪೆಗೆ ಮೈಲಿಗೆ ಅಂಟಿದ್ದು ಹಾಗೆ.

ಲಂಡನ್ನಿನ ರಾಬರ್ಟ್ ವಿಲ್ಲನ್ 19ನೆಯ ಶತಮಾನದ ಆರಂಭದಲ್ಲಿ ಈ ಬೇನೆಯನ್ನು ಚೆನ್ನಾಗಿ ವರ್ಣಿಸಿದನಾದರೂ ‘ಲೆಪ್ರ’ವನ್ನು ಕೈಬಿಡಲಿಲ್ಲ. ಎರಡನ್ನೂ ಬೇರ್ಪಡಿಸಿದವನು ವಿಯೆನ್ನಾದ ಫರ್ಡಿನಾಂಡ್ ಹೆಬ್ರ, 1841ರಲ್ಲಿ. ಕುಷ್ಠದ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದದ್ದು 1873ರಲ್ಲಿ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ, ಸೋರಿಯಾಸಿಸಿನಲ್ಲಿ ಹಾಗಾಗದು. ಆದರೂ ಊರಿನ ಬಾಯಿ ಸೂಜಿಯ ಮೊನೆಯಿಂದ ಪರೀಕ್ಷಿಸಿ ಮಾತನಾಡುವುದಿಲ್ಲವಷ್ಟೆ. ಆ ಹೆಸರಿನ ಭಾರವಾದರೂ ಎಷ್ಟು! 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠವು ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. ಔಷಧದಿಂದ ಗುಣವಾಗುವ ರೋಗವೆಂದು ಸಿದ್ಧವಾದ ಎಷ್ಟೋ ವರ್ಷಗಳ ಮೇಲೆ, 2019ರಲ್ಲಿ, ಅದನ್ನು ತೆಗೆದುಹಾಕಲಾಯಿತು.

ಹಾಗಾದರೆ ಈ ಹುರುಪೆ ಏಕೆ? ತಪ್ಪೆಲ್ಲ ಚರ್ಮದ್ದೇ ಎಂದು ಬಹುಕಾಲ ನಂಬಿದ್ದರು. ಸುಮಾರು ಒಂದು ತಿಂಗಳಲ್ಲಿ ಮೇಲೇರಿ ಉದುರಬೇಕಾದ ಚರ್ಮದ ಕೋಶಗಳು ಇಲ್ಲಿ ಕೆಲವೇ ದಿನಗಳಲ್ಲಿ ಮೇಲೇರುತ್ತವೆ. ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ಬಳಗ ಅಮೆರಿಕೆಯಲ್ಲಿ ಸಿದ್ಧಪಡಿಸಿದ ಅಮಿನಾಪ್ಟೆರಿನ್, ರಕ್ತದ ಕ್ಯಾನ್ಸರಿಗೆ ಬಳಕೆಯಾದ ಔಷಧ. ಅದು ಈ ಹುರುಪೆಯನ್ನೂ ಇಳಿಸುತ್ತದೆಂಬುದು 1951ರಲ್ಲಿ ವರದಿಯಾದಾಗ, ಚರ್ಮದ ಅವಸರಕ್ಕೆ ಕಡಿವಾಣ ಬಿತ್ತೆಂದೇ ತಿಳಿದರು. 1979ರಲ್ಲಿ ಈ ತಿಳುವಳಿಕೆ ತಲೆಕೆಳಗಾಯಿತು. ಕಸಿಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೋರಿನ್ ಔಷಧವನ್ನು ಕೀಲುರೋಗಿಗಳಿಗೆ ಕೊಟ್ಟು ನೋಡುತ್ತಿದ್ದಾಗ, ಅವರ ಸೋರಿಯಾಸಿಸ್ ಕರಗಿತು. ಆ ಔಷಧ ಹಿಡಿತಕ್ಕೆ ತರುವುದು ರಕ್ತದ ಟಿ ಕೋಶಗಳನ್ನು, ಎಂದರೆ ಮೈಯ ಕಾವಲುಗಾರರನ್ನು. ಅಂದಮೇಲೆ ಚರ್ಮವನ್ನು ಅವಸರಪಡಿಸುತ್ತಿದ್ದವರು ಇವರೇ!

2005ರ ಹೊತ್ತಿಗೆ ಟಿಎಚ್-17 ಎಂಬ ಕೋಶವರ್ಗ ಸ್ಪಷ್ಟವಾಯಿತು. ಇಂಟರ್‌ಲ್ಯೂಕಿನ್-23 ಎಂಬ ದ್ರವ್ಯ ಅವನ್ನು ಕೆರಳಿಸುತ್ತದೆ. ಅವು ಇಂಟರ್‌ಲ್ಯೂಕಿನ್-17ನ್ನು ಸುರಿಸುತ್ತವೆ. ಚರ್ಮ ಉರಿದೆದ್ದು ಬೆಳೆಯುತ್ತದೆ. ಇವನ್ನು ತಣಿಸಬೇಕಾದ ನಿಯಂತ್ರಕ ಟಿ ಕೋಶಗಳು ಸೋಲುತ್ತವೆ. ತಪ್ಪಿದ ಸಮತೋಲವೆಂದರೆ ಇದೇ. ವಂಶದ ಒಲವು ಇದ್ದವರಲ್ಲಿ ಒಂದು ಗಂಟಲುಬೇನೆಯೂ ಇದಕ್ಕೆ ನೆಪವಾದೀತು. 17ನ್ನೇ ತಡೆಯುವ ಮೊದಲ ಔಷಧಕ್ಕೆ ಅಮೆರಿಕೆಯಲ್ಲಿ 2015ರಲ್ಲಿ ಒಪ್ಪಿಗೆ ದೊರೆಯಿತು. ಚರ್ಮ ತಿಳಿಯಾಗುತ್ತದೆ, ಔಷಧ ನಿಂತರೆ ಬಹಳ ಮಂದಿಯಲ್ಲಿ ಹುರುಪೆ ಮತ್ತೆ ಹಳೆಯ ಜಾಗದಲ್ಲಿಯೇ ಏಳುತ್ತದೆ, ಏಕೆಂದರೆ ನೆನಪುಳ್ಳ ಟಿ ಕೋಶಗಳು ಆ ಚರ್ಮದಲ್ಲಿಯೇ ಉಳಿದುಕೊಂಡಿರುತ್ತವೆ.