ಲಂಡನ್ ನಗರದಲ್ಲಿ ಮೋಟ್ಸಾರ್ಟ್ ಕುಟುಂಬ

ದೇಶಾಟನದಿಂದ ಬುದ್ಧಿ ಬೆಳೆಯುವುದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಅದು ನಿಜವೇ. ಆದರೆ ಮಡದಿ ಮಕ್ಕಳೊಡನೆ, ನುಡಿ ತಿಳಿಯದ ಮಹಾನಗರಕ್ಕೆ ಹೋದ ಗೃಹಸ್ಥನಿಗೆ ಬುದ್ಧಿಯ ಜೊತೆಗೆ ವೆಚ್ಚವೂ, ನೋಟದ ಜೊತೆಗೆ ಚಿಂತೆಯೂ ಬೆಳೆಯುವುವು. ಯೂರೋಪಿನ ಸಂಗೀತ ಚರಿತ್ರೆಯಲ್ಲಿ ಪ್ರಖ್ಯಾತವಾದ ಮೋಟ್ಸಾರ್ಟ್ ಕುಟುಂಬವು 1764 ಮತ್ತು 1765ರಲ್ಲಿ ಲಂಡನ್ನಿನಲ್ಲಿ ಕಳೆದ ಹದಿನೈದು ತಿಂಗಳುಗಳು ಇದಕ್ಕೆ ಒಳ್ಳೆಯ ನಿದರ್ಶನವಾಗಿವೆ.

ಲಿಯೋಪೋಲ್ಡ್ ಮೋಟ್ಸಾರ್ಟನು ಸಾಲ್ಸ್‌ಬರ್ಗಿನ ಆಸ್ಥಾನ ವಿದ್ವಾಂಸ. ತನ್ನ ಇಬ್ಬರು ಮಕ್ಕಳ ಅಸಾಧಾರಣವಾದ ಸಂಗೀತಶಕ್ತಿಯನ್ನು ಲೋಕಕ್ಕೆ ತೋರಿಸಬೇಕೆಂದು ಆತನು ಪತ್ನಿ ಅನ್ನಾ ಮರಿಯಾಳೊಡನೆ 1763ನೆಯ ಜೂನ್ 9ರಂದು ಊರು ಬಿಟ್ಟನು. ಪ್ಯಾರಿಸಿನಲ್ಲಿ ಚಳಿಗಾಲವನ್ನು ಕಳೆದು, ಮರುವರ್ಷದ ಏಪ್ರಿಲಿನಲ್ಲಿ ಕಡಲು ದಾಟಿದನು. ಸಮುದ್ರವನ್ನು ಅರಿಯದ ನಾಲ್ವರಿಗೂ ಹಡಗಿನಲ್ಲಿ ವಾಂತಿಯಾಗಿ ಬಹಳ ಕಷ್ಟವಾಯಿತು. ಏಪ್ರಿಲ್ 23ರಂದು ಲಂಡನ್ನನ್ನು ಸೇರಿದಾಗ ಮಗಳು ನಾನೆರ್ಲಳಿಗೆ ಹನ್ನೆರಡು ವರ್ಷ, ಮಗ ವೊಲ್ಫ್‌ಗಾಂಗನಿಗೆ ಎಂಟು. ಆ ನಗರದಲ್ಲಾದರೋ ಆಗಲೇ ಸುಮಾರು 7 ಲಕ್ಷ ಜನರಿದ್ದರು.

ಮೊದಮೊದಲು ಭಾಗ್ಯವು ಅವರ ಕೈ ಹಿಡಿಯಿತು. ಬಂದ ನಾಲ್ಕನೆಯ ದಿನವೇ ಅರಮನೆಯ ಕರೆ ಬಂದಿತು. ಮೂರನೆಯ ಜಾರ್ಜ್ ದೊರೆಯೂ ಷಾರ್ಲಟ್ ರಾಣಿಯೂ ಮಕ್ಕಳ ವಾದನವನ್ನು ಕೇಳಿ ಸಂತೋಷಪಟ್ಟು 24 ಗಿನಿಗಳನ್ನು ಕೊಡಿಸಿದರು. ಕೆಲವು ದಿನಗಳ ಮೇಲೆ ಈ ಕುಟುಂಬವು ಸೇಂಟ್ ಜೇಮ್ಸ್ ಉದ್ಯಾನದಲ್ಲಿ ತಿರುಗಾಡುತ್ತಿದ್ದಾಗ, ಆ ದಾರಿಯಾಗಿ ಬಂದ ದೊರೆಯು ಗಾಡಿಯ ಕಿಟಕಿಯನ್ನು ತೆರೆದು, ತಲೆ ಹೊರಗಿಟ್ಟು, ನಗುತ್ತ ಹುಡುಗನಿಗೆ ಕೈಬೀಸಿದನಂತೆ. ಸಾಲ್ಸ್‌ಬರ್ಗಿನಲ್ಲಿದ್ದ ತನ್ನ ಮನೆಯೊಡೆಯ ಹಾಗೆನೌಎರನಿಗೆ ಲಿಯೋಪೋಲ್ಡನು ಈ ಸಂಗತಿಯನ್ನು ಹೆಮ್ಮೆಯಿಂದ ಬರೆದನು. ಜೂನ್ 5ರ ಕಚೇರಿಯಲ್ಲಿ ಮೂರು ಗಂಟೆಗಳಲ್ಲಿ 100 ಗಿನಿ ಕೂಡಿಬಂದಾಗ ಆತನು ತಾನೇ ಬೆರಗಾದನು.

ದುಡಿಮೆಯ ನಡುವೆ ನಗರದರ್ಶನವೂ ನಡೆಯುತ್ತಿದ್ದಿತು. ಅದರ ವಿವರಗಳು ನಮಗೆ ದೊರೆಯುವುದು ಮುಖ್ಯವಾಗಿ ನಾನೆರ್ಲಳ ಟಿಪ್ಪಣಿಗಳಿಂದ. ವೆಸ್ಟ್‌ಮಿನ್‌ಸ್ಟರ್ ಸೇತುವೆ, ಸೇಂಟ್ ಪಾಲ್ ದೇವಾಲಯ, ವಾಕ್ಸ್‌ಹಾಲ್ ಮತ್ತು ರಾನಿಲಾ ವಿಹಾರವನಗಳು, ಕ್ಯೂ ತೋಟ, ಗ್ರೀನಿಚ್ ಇವೆಲ್ಲವನ್ನೂ ಆಕೆ ಹೆಸರಿಸಿರುವಳು. ಒಂದು ಆನೆಯ ಮರಿಯನ್ನು ಕಂಡುದನ್ನು ವಿಶೇಷವಾಗಿ ಗುರುತು ಮಾಡಿಕೊಂಡಿರುವಳು. ನಮ್ಮ ಮಕ್ಕಳು ದೇವಸ್ಥಾನದ ಬಾಗಿಲಲ್ಲಿ ಕಾಣುವ ಪ್ರಾಣಿಯು ಆ ಬಾಲೆಗೆ ಅದ್ಭುತವಾಗಿದ್ದಿತು. ಬಿಳಿ ಮತ್ತು ಕಾಫಿ ಬಣ್ಣದ ಪಟ್ಟೆಗಳುಳ್ಳ ಕತ್ತೆಯೊಂದನ್ನೂ ಆಕೆ ನೋಡಿದಳು. ಅದರ ಪಟ್ಟೆಗಳು ಚಿತ್ರಕಾರನೂ ಬರೆಯಲಾರದಷ್ಟು ಸಮವಾಗಿ ಕಂಡುವಂತೆ. ಅದು ಜೀಬ್ರಾ ಎಂಬುದು ಸ್ಪಷ್ಟ. ಟವರ್ ಕೋಟೆಯಲ್ಲಿ ಸಾಕಿದ್ದ ಸಿಂಹಗಳ ಗರ್ಜನೆಗೆ ವೊಲ್ಫ್‌ಗಾಂಗನು ಹೆದರಿದನೆಂದೂ ಆ ಕುಟುಂಬದ ಬರೆಹಗಳಲ್ಲಿದೆ. ದೊರೆಯ ಮುಂದೆ ಅಳುಕದೆ ವಾದ್ಯ ನುಡಿಸಿದವನು ಎಂಟು ವರ್ಷದ ಕೂಸೇ ಎಂಬುದು ಇಂತಹ ಮಾತುಗಳಿಂದ ನೆನಪಿಗೆ ಬರುತ್ತದೆ.

ಬೇಸಗೆಯಲ್ಲಿ ದೆಸೆ ತಿರುಗಿತು. ಜುಲೈ 8ರ ಭಾನುವಾರ ಶ್ರೀಮಂತರೊಬ್ಬರ ಮನೆಯಲ್ಲಿ ಕಚೇರಿಯಿದ್ದಿತು. ಬಾಡಿಗೆಯ ಗಾಡಿಯೊಂದೂ ಸಿಕ್ಕದಿರಲು ಲಿಯೋಪೋಲ್ಡನು ಮಕ್ಕಳನ್ನು ಮೇನೆಯಲ್ಲಿ ಕೂರಿಸಿ, ತಾನು ಹೊರುವವರ ವೇಗಕ್ಕೆ ಸರಿಯಾಗಿ ಹಿಂದೆ ನಡೆದನು. ಬೆವರಿದ ಮೈಗೆ ಕಿಟಕಿಯ ತಣ್ಣನೆಯ ಗಾಳಿ ತಗಲಿತು. ಗಂಟಲುನೋವಿನಿಂದ ಮೊದಲಾದ ಬೇನೆಯು ಹಲವು ವಾರಗಳ ಕಾಲ ಆತನನ್ನು ಹಾಸಿಗೆ ಹಿಡಿಸಿತು. ಪರದೇಶದಲ್ಲಿ ಮನೆಯ ಯಜಮಾನನು ಮಲಗಿದರೆ ಉಳಿದವರ ಗತಿಯೇನು? ಆಗಸ್ಟ್ 6ರಂದು ನಗರದ ಹೊರಗಿನ ಚೆಲ್ಸಿ ಗ್ರಾಮಕ್ಕೆ ಬಿಡಾರವನ್ನು ಸಾಗಿಸಿದರು. ಸಂಪಾದನೆ ನಿಂತಿತು, ವೆಚ್ಚ ನಿಲ್ಲಲಿಲ್ಲ. ಜುಲೈ ಮೊದಲ್ಗೊಂಡು 170 ಗಿನಿಗಳಷ್ಟು ಬಡವಾದೆನೆಂದು ಆತನು ನವೆಂಬರಿನಲ್ಲಿ ಬರೆದನು.

ಆದರೆ ಈ ವಿಪತ್ತಿನೊಳಗೇ ಒಂದು ಫಲವು ಅಡಗಿದ್ದಿತು. ರೋಗಿಯ ನಿದ್ರೆ ಕೆಡಬಾರದೆಂದು ಮಕ್ಕಳಿಗೆ ವಾದ್ಯವನ್ನು ಮುಟ್ಟಲು ಅಪ್ಪಣೆಯಿರಲಿಲ್ಲ. ಸುಮ್ಮನಿರಲಾರದ ಹುಡುಗನು ಕಾಗದ ಹಿಡಿದು ಪೂರ್ಣ ವಾದ್ಯವೃಂದಕ್ಕೆಂದೇ ಒಂದು ಸಿಂಫನಿಯನ್ನು ರಚಿಸಿದನು. ಅಕ್ಕನು ಪಕ್ಕದಲ್ಲಿ ಕುಳಿತು ಬರೆದುಕೊಡುತ್ತಿದ್ದಳು. ಕೊಂಬಿನ ವಾದ್ಯಕ್ಕೆ ಒಳ್ಳೆಯ ಭಾಗವನ್ನು ಕೊಡುವಂತೆ ತನಗೆ ನೆನಪು ಮಾಡಬೇಕೆಂದು ತಮ್ಮನು ಹೇಳಿದ್ದನ್ನು ಆಕೆ ಮುಪ್ಪಿನಲ್ಲಿಯೂ ಮರೆತಿರಲಿಲ್ಲ. ಆತನ ಮೊದಲನೆಯ ಸಿಂಫನಿಯೆಂದು ಎಣಿಸಲ್ಪಡುವ ಕೃತಿಯು ಆ ವರ್ಷದ್ದೇ. ರಾಣಿಯ ಸಂಗೀತಗುರುವಾಗಿದ್ದ ಯೋಹಾನ್ ಕ್ರಿಸ್ಟಿಯಾನ್ ಬಾಖನ ಸ್ನೇಹವೂ ಹುಡುಗನಿಗೆ ಲಂಡನ್ನಿನಲ್ಲಿಯೇ ದೊರೆಯಿತು. ಆ ವಿದ್ವಾಂಸನ ಶೈಲಿಯ ಛಾಯೆಯು ಅವನ ರಚನೆಗಳಲ್ಲಿ ಬಹುಕಾಲ ಉಳಿಯಿತು.

ಎರಡನೆಯ ವರ್ಷ ನಗರವು ಈ ಮಕ್ಕಳನ್ನು ಮರೆಯತೊಡಗಿತು. ರಾಣಿಗೆ ಅರ್ಪಿಸಿದ ಆರು ಸೊನಾಟಗಳಿಗೆ 50 ಗಿನಿಗಳ ಬಹುಮಾನ ಬಂದಿತು. ಆದರೆ 1765ನೆಯ ಫೆಬ್ರವರಿಯ ಕಚೇರಿಗೆ ನೆನೆದಷ್ಟು ಜನ ಬರಲಿಲ್ಲ. ಅನಂತರ ಸೋಹೋ ಭಾಗದ ಬಿಡಾರದಲ್ಲಿಯೇ ಹಣ ಕೊಟ್ಟವರಿಗೆ ಮಕ್ಕಳನ್ನು ತೋರಿಸುವಂತಾಯಿತು. ಜುಲೈನಲ್ಲಿ ಕಾರ್ನ್‌ಹಿಲ್ಲಿನ ಒಂದು ಪಾನಗೃಹದಲ್ಲಿ ದಿನವೂ ಹನ್ನೆರಡರಿಂದ ಮೂರು ಗಂಟೆಯವರೆಗೆ, ತಲೆಗೆ ಎರಡೂವರೆ ಷಿಲಿಂಗಿನಂತೆ ಪ್ರದರ್ಶನ ನಡೆಯಿತು. ಅರಮನೆಯಿಂದ ಅಂಗಡಿಬೀದಿಗೆ ಇಳಿಯಲು ಹದಿನೈದು ತಿಂಗಳು ಸಾಕಾದುವು. ಪತ್ರಿಕೆಗಳ ಪ್ರಕಟಣೆಗಳಲ್ಲಿ ಮಕ್ಕಳ ವಯಸ್ಸನ್ನು ಒಂದು ವರ್ಷ ಕಡಮೆ ಮಾಡಿ ಹಾಕಿಸುತ್ತಿದ್ದುದು ತಂದೆಯ ಜಾಣತನವನ್ನು ಮಾತ್ರವಲ್ಲ, ಆತನ ಆತಂಕವನ್ನೂ ಸೂಚಿಸುತ್ತದೆ.

ಹೊರಡುವ ತಿಂಗಳು ಬ್ರಿಟಿಷ್ ಮ್ಯೂಸಿಯಮ್ಮಿಗೆ ಅವರು ಭೇಟಿಯಿತ್ತರು. 1759ರಲ್ಲಿ ಜನರಿಗೆ ತೆರೆದಿದ್ದ ಆ ಸಂಗ್ರಹಾಲಯದ ಪುಸ್ತಕಗಳು, ಪಕ್ಷಿಗಳು, ಮೀನುಗಳು, ಚೀನೀ ಪಾದರಕ್ಷೆಗಳು, ಭೂಗೋಲಗಳು ನಾನೆರ್ಲಳ ಪಟ್ಟಿಗೆ ಸೇರಿದುವು. ಹುಡುಗನು ಇಂಗ್ಲಿಷ್ ಮಾತುಗಳಿಗೆ ರಾಗ ಕೂಡಿಸಿದ ನಾಲ್ಕು ಕಂಠಗಳ ಒಂದು ಚಿಕ್ಕ ಭಕ್ತಿಗೀತದ ಹಸ್ತಪ್ರತಿಯನ್ನು ಅಲ್ಲಿಗೆ ಕಾಣಿಕೆಯಾಗಿ ಕೊಟ್ಟರು. ಜುಲೈ 24ರಂದು ಕುಟುಂಬವು ಲಂಡನ್ನನ್ನು ಬಿಟ್ಟಿತು.

ಸ್ವದೇಶವನ್ನು ಮುಟ್ಟುವ ಮೊದಲು ಹಾಲೆಂಡಿನಲ್ಲಿ ಇಬ್ಬರು ಮಕ್ಕಳೂ ವಿಷಮಜ್ವರದಿಂದ ಮರಣದ ಬಾಗಿಲವರೆಗೆ ಹೋಗಿ ಬಂದರು. ಮುಂದೆ 1769ರಿಂದ ಇಟಲಿಯ ಪ್ರವಾಸಗಳಿಗೆ ತಂದೆಯೂ ಮಗನೂ ಮಾತ್ರ ಹೊರಟರು. ಬೆಳೆದ ಮಗಳು ತಾಯಿಯೊಡನೆ ಮನೆಯಲ್ಲಿ ಉಳಿದಳು. ಆ ತಾಯಿಯೂ ಮಗನ ಜೊತೆಗೆ ಪ್ಯಾರಿಸಿಗೆ ಹೋಗಿ 1778ನೆಯ ಜುಲೈ 3ರಂದು ಅಲ್ಲಿಯೇ ತೀರಿಕೊಂಡಳು. ವೊಲ್ಫ್‌ಗಾಂಗನಿಗೆ ಲಂಡನ್ ನಗರವು ವಿದ್ಯೆಯನ್ನು ಕೊಟ್ಟಿತು. ಲಿಯೋಪೋಲ್ಡನಿಗೆ ಹಣವನ್ನೂ ಬೇನೆಯನ್ನೂ ಒಟ್ಟಿಗೆ ಕೊಟ್ಟಿತು. ನಾನೆರ್ಲಳು ಹೊತ್ತು ತಂದುದು ಒಂದು ಪಟ್ಟಿಯನ್ನು ಮಾತ್ರ. ಆದರೆ ದೊಡ್ಡವರ ಲೆಕ್ಕದ ಪತ್ರಗಳಲ್ಲಿ ದೊರೆಯದ ಲಂಡನ್ ಆ ಪಟ್ಟಿಯಲ್ಲಿ ಇಂದಿಗೂ ಉಳಿದಿದೆ.